ಹಳೆಯ ಹರಿಗೋಲಿಗೆ ಹೊಸ ಮೈ

ಹಳೆಯ ಬಾಗಿಲು ಕಿಟಕಿಗಳಿಗೆ ಎಣ್ಣೆ ಕುಡಿಸುವ ಕ್ರಮವನ್ನು ಕಳೆದ ಸಂಚಿಕೆಯಲ್ಲಿ ನಾವು ವಿವರಿಸಿದ್ದೆವಷ್ಟೆ. ಅದನ್ನೋದಿದ ಕುಷ್ಟಗಿಯ ಗೃಹಸ್ಥರೊಬ್ಬರು ನಮಗೊಂದು ಕಾಗದ ಬರೆದಿರುವರು. ಅವರ ಮಗಳನ್ನು ಗಂಗಾವತಿ ತಾಲ್ಲೂಕಿನ ಹೊಳೆಸಾಲಿನ ಊರೊಂದಕ್ಕೆ ಕೊಟ್ಟಿದೆ. ಅಳಿಯನಿಗೆ ತುಂಗಭದ್ರೆಯ ನಡುಗಡ್ಡೆಯಲ್ಲಿ ಬಾಳೆಯ ತೋಟವುಂಟು. ಅಲ್ಲಿಗೆ ಹೋಗಿಬರುವುದಕ್ಕೆಂದು ಆತನು ಹಳೆಯ ಹರಿಗೋಲೊಂದನ್ನು ಅಗ್ಗದ ಬೆಲೆಗೆ ಕೊಂಡಿರುವನು. “ಒಂದು ಡಬ್ಬಿ ಡಾಂಬರು ಬಳಿದರೆ ಹೊಸದೇ ಆಗುತ್ತದೆ ಎಂದು ಅಳಿಯಂದಿರು ಹೇಳುತ್ತಾರೆ. ನಮ್ಮದು ಬಯಲು ಸೀಮೆ. ಹರಿಗೋಲಿನ ಹೆಸರು ಕೇಳಿದವರೇ ಹೊರತು ಅದರ ಮರ್ಮ ಬಲ್ಲವರಲ್ಲ. ಮಗಳೂ ಮೊಮ್ಮಕ್ಕಳೂ ಅದರಲ್ಲಿ ಕೂಡತಕ್ಕವರು. ಬಳಿದರೆ ಸಾಕೇ?” ಎಂಬುದು ಅವರ ಪ್ರಶ್ನೆ.

ಸಾಲದು ಎಂಬುದೇ ನಮ್ಮ ಉತ್ತರ. ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕಳುಹಿಸಬಹುದಾಗಿತ್ತು. ಆದರೆ ಏಕೆ ಸಾಲದೆಂಬುದನ್ನು ನಾವು ಪುಸ್ತಕದಿಂದ ಕಲಿತವರಲ್ಲ. ನಮ್ಮದೇ ತಪ್ಪಿನಿಂದ ಕಲಿತವರು. ಆದುದರಿಂದ ಈ ತಿಂಗಳ ಪುಟಗಳನ್ನು ಅದಕ್ಕಾಗಿಯೇ ಮೀಸಲಿಡುವೆವು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಮ್ಮ ಈ ನಾಲ್ಕು ಸೀಮೆಗಳಲ್ಲಿ ಹೊಳೆಯ ದಡವನ್ನು ಕಂಡಿರುವವು ಮೊದಲಿನ ಎರಡು ಮಾತ್ರ. ಕುಷ್ಟಗಿ ಯಲಬುರ್ಗಾದವರು ಮೋಡ ನೋಡಿ ಬದುಕುವವರು. ಅಂಥವರ ತಿಳಿವಳಿಕೆಗಾಗಿ ಹರಿಗೋಲಿನ ಸ್ವರೂಪವನ್ನು ಮೊದಲು ಹೇಳುವುದು ಯುಕ್ತ. ಅದೊಂದು ದೊಡ್ಡ ಬುಟ್ಟಿ. ಗುಂಡಗೆ, ತಳ ಚಪ್ಪಟೆ. ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಹಾಯಿಯಿಲ್ಲ, ಚುಕ್ಕಾಣಿಯಿಲ್ಲ. ಬಿದಿರಿನ ದಬ್ಬೆಗಳನ್ನು ಮೂರು ದಿಕ್ಕಿನಿಂದ ಹಾಯಿಸಿ, ಆರು ಮೂಲೆಯ ಕಣ್ಣುಗಳು ಬೀಳುವಂತೆ ತಳವನ್ನು ಹೆಣೆಯುವರು. ಅವೇ ದಬ್ಬೆಗಳನ್ನು ಮೇಲಕ್ಕೆ ಬಾಗಿಸಿ ಗೋಡೆ ಎಬ್ಬಿಸಿ, ಅಂಚಿಗೆ ಬಿದಿರಿನ ಕಟ್ಟೊಂದನ್ನು ಬಳಸಿ ಬಿಗಿಯುವರು. ಈ ಬುಟ್ಟಿಯ ಹೊರಮೈಗೆ ಹೊದಿಕೆ, ಹೊದಿಕೆಯ ಮೇಲೆ ಡಾಂಬರು. ಅಂಬಿಗನು ಅಂಚಿನ ಬಳಿ ನಿಂತೋ ಕುಳಿತೋ ಒಂದೇ ಹುಟ್ಟಿನಿಂದ ನೀರನ್ನು ತನ್ನೆಡೆಗೆ ಸೆಳೆಯುತ್ತ ನಡೆಸುವನು. ಕೈಯರಿಯದವನು ಹುಟ್ಟು ಹಿಡಿದರೆ ಅದು ಇದ್ದಲ್ಲಿಯೇ ಗಾಣದಂತೆ ತಿರುಗುವುದು.

ಇದು ನಿನ್ನೆ ಮೊನ್ನೆಯ ವಸ್ತುವಲ್ಲ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಗೆ ಜನರು ದಾಟುವ ಬುಟ್ಟಿದೋಣಿಗಳನ್ನು ಕಂಡು ಬರೆದಿಟ್ಟಿರುವನು. ಒಳಗೆ ಹೆಣಿಗೆ, ಹೊರಗೆ ತೊಗಲು. ಹದಿನೈದಿಪ್ಪತ್ತು ಮಂದಿಯನ್ನು ಹೊರುವವು. ನೆಟ್ಟಗೆ ಹೋಗಲಾರದೆ ಸುತ್ತುತ್ತ ಹೋಗುವವು ಎಂಬುದು ಅವನ ವರ್ಣನೆಯ ಸಾರ. 1803ರಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯವೂ ಈ ಸೀಮೆಯ ಹೊಳೆಗಳನ್ನು ದಾಟಲು ಇಂಥ ಬುಟ್ಟಿದೋಣಿಗಳನ್ನೇ ನೆಚ್ಚಿತ್ತು.

ಸಂಸ್ಕೃತ ಬಲ್ಲ ವಾಚಕರಿಗೆ ಇನ್ನೊಂದು ಮಾತು ಹೇಳಬೇಕು. ರಘುವಂಶದ ಆರಂಭದಲ್ಲಿಯೇ ಕಾಳಿದಾಸನು, ಸೂರ್ಯವಂಶವನ್ನು ವರ್ಣಿಸಲು ಹೊರಟ ತನ್ನ ಅಲ್ಪಮತಿಯನ್ನು ಉಡುಪದಿಂದ ಸಮುದ್ರವನ್ನು ದಾಟಹೊರಟವನ ಮೋಹಕ್ಕೆ ಹೋಲಿಸಿಕೊಂಡಿರುವನಷ್ಟೆ. ಉಡುಪವೆಂದರೆ ತೆಪ್ಪವೆಂದು ನಾವೆಲ್ಲ ಪಾಠ ಹೇಳಿಸಿಕೊಂಡೆವು. ಆದರೆ ವ್ಯಾಖ್ಯಾನಕಾರನಾದ ಮಲ್ಲಿನಾಥನು ಅಲ್ಲಿಗೇ ನಿಲ್ಲದೆ, ತೊಗಲು ಬಿಗಿದ ಜಲಯಾನವೆಂದೂ ಆ ಶಬ್ದಕ್ಕೆ ಅರ್ಥ ಹೇಳಿರುವನು. ಪಾಠಶಾಲೆಯ ಚಾಪೆಯ ಮೇಲೆ ಕುಳಿತು ಆ ಪಂಕ್ತಿಯನ್ನು ಒಪ್ಪಿಸಿದಾಗ ನಮ್ಮ ಕಣ್ಣ ಮುಂದೆ ಏನೂ ನಿಲ್ಲಲಿಲ್ಲ. ಉಪಾಧ್ಯಾಯರಾಗಿ ಆನೆಗೊಂದಿಯ ಸೀಮೆಗೆ ಹೋಗಿ, ತಳವಾರಘಟ್ಟದ ದಡದಲ್ಲಿ ಬೋರಲು ಹಾಕಿದ್ದ ಹರಿಗೋಲನ್ನು ಕಂಡಾಗಲೇ ಮಲ್ಲಿನಾಥನ ಮಾತಿಗೆ ಮೈ ಬಂದಿತು.

ತೊಗಲಿನ ಕಾಲವು ಈಗ ಕಳೆದಿದೆ. ತೊಗಲು ನೆನೆದೇ ಇದ್ದರೆ ಕೊಳೆಯುವುದು, ಒಣಗಿಯೇ ಇದ್ದರೆ ಬಿರಿಯುವುದು. ಆದುದರಿಂದ ಅದನ್ನು ಆಗಾಗ ನೀರಿನಿಂದೆತ್ತಿ ಉಪಚರಿಸಬೇಕಾಗಿತ್ತು. ಅನಂತರ ದಪ್ಪ ಬಟ್ಟೆ, ಗೋಣಿ ಬಂದವು. ಈಗ ಗೊಬ್ಬರದ ಪ್ಲಾಸ್ಟಿಕ್ ಚೀಲಗಳನ್ನು ಬಿಚ್ಚಿ, ಒಂದಕ್ಕೊಂದು ಹೊಲಿದು ಹೊದಿಸುವರು. ಹೊದಿಕೆ ಬದಲಾದರೂ ಅದಕ್ಕೆ ಲೇಪ ಬೇಕೆಂಬುದು ತಪ್ಪಲಿಲ್ಲ. ವೇಲ್ಸ್ ದೇಶದ ಹೊಳೆಗಳಲ್ಲಿಯೂ ಹೆಣಿಗೆಯ ಮೇಲೆ ಬಟ್ಟೆ ಬಿಗಿದು ಕೀಲು ಬಳಿದ ಪುಟ್ಟ ದೋಣಿಗಳುಂಟು. ಇರಾಕಿನ ಟೈಗ್ರಿಸ್ ನದಿಯಲ್ಲಿ ನಮ್ಮವುಗಳಂತೆಯೇ ಗುಂಡಾದ ದೋಣಿಗಳಿಗೆ ನೆಲದಿಂದ ತಾನಾಗಿ ಒಸರುವ ಡಾಂಬರನ್ನು ಬಳಿಯುತ್ತಿದ್ದರು. ಮಹಾಪ್ರಳಯದ ಕಥೆಯನ್ನು ಹೇಳುವ ಆ ದೇಶದ ಪ್ರಾಚೀನ ಮಣ್ಣಿನ ಹಲಗೆಯೊಂದನ್ನು ಇರ್ವಿಂಗ್ ಫಿಂಕೆಲ್ ಎಂಬ ವಿದ್ವಾಂಸರು ಓದಿ 2014ರಲ್ಲಿ ಪ್ರಕಟಿಸಿದರು. ಅದರಲ್ಲಿ ಜೀವಕೋಟಿಯನ್ನುಳಿಸಿದ ನಾವೆಯೂ ಗುಂಡಾದುದೇ. ಅದಕ್ಕೂ ಡಾಂಬರಿನದೇ ಲೇಪ.

ಇರಲಿ; ಪ್ರಕೃತಕ್ಕೆ ಬರೋಣ. ಮೇಲೆ ಹೇಳಿದ ನಮ್ಮ ತಪ್ಪು ಇಂತಿದೆ.

1992ನೆಯ ಇಸವಿಯ ಚೈತ್ರಮಾಸ. ಹಂಪೆಯ ವಿರೂಪಾಕ್ಷನ ತೇರು. ನಮ್ಮ ಶಾಲೆಯ ಹನ್ನೊಂದು ಮಂದಿ ಹುಡುಗರನ್ನು ತೇರಿಗೆ ಕರೆದೊಯ್ಯುವೆವೆಂದು ನಾವು ತಿಂಗಳ ಮೊದಲೇ ಮಾತು ಕೊಟ್ಟಿದ್ದೆವು. ನಮ್ಮನ್ನು ನಿತ್ಯವೂ ದಾಟಿಸುತ್ತಿದ್ದ ವೃದ್ಧ ಅಂಬಿಗನು ಆಗ ತನ್ನ ಹರಿಗೋಲಿನ ಹಳೆಯ ಲೇಪವನ್ನು ಕೆರೆದು, ಹೊದಿಕೆ ಬದಲಿಸಿ, ಒಣಗಲು ಹಾಕಿದ್ದನು. ತೇರಿಗೆ ಎರಡು ದಿನ ಉಳಿದಿರುವಾಗ ಅಕಾಲದ ಮಳೆಯೊಂದು ಹೊಡೆಯಿತು. ಮರುದಿನ ನಾವು ಹೋಗಿ ವಿಚಾರಿಸಲು ಅವನು ಹೊದಿಕೆಯ ಅಂಚನ್ನೆತ್ತಿ, ಒಳಗಿನ ದಬ್ಬೆಯ ಮೇಲೆ ಬೆರಳೊತ್ತಿ, “ಇನ್ನೂ ಹಸಿ ಐತ್ರಿ ಮಾಸ್ತರ. ಇನ್ನೆರಡು ಬಿಸಲು ಬೀಳಲಿ,” ಎಂದನು. ನಾವು ಕೇಳಲಿಲ್ಲ. ಹೊರಗಿನಿಂದ ಡಾಂಬರು ಬಳಿದ ಮೇಲೆ ಒಳಗಿನ ತೇವವು ಏನು ಮಾಡೀತು, ಮಕ್ಕಳು ನಿರಾಶರಾಗುವರಲ್ಲ ಎಂದು ವಾದಿಸಿದೆವು. ಓದಿದವರ ಮಾತಿಗೆ ಓದದವರು ಸೋಲುವುದುಂಟು. ಅವನು ಸೋತನು, ಆ ಸಂಜೆಯೇ ಬಳಿದನು.

ಮರುದಿನ ಹೊಳೆಯ ನಡುವೆ ಒಬ್ಬ ಹುಡುಗನು, “ಸರ್, ಕಾಲಿಗೆ ನೀರು” ಎಂದನು. ಹಿಂದಿನ ಸಂಜೆಯ ಲೇಪವು ಹಪ್ಪಳದಂತೆ ಉಬ್ಬಿ, ಹೊಲಿಗೆಯ ಸಾಲಿನುದ್ದಕ್ಕೂ ಬಿಟ್ಟುಕೊಂಡಿತ್ತು. ಅಂಬಿಗನು ಒಂದು ಮಾತನ್ನೂ ಆಡದೆ ತಲೆಯ ರುಮಾಲನ್ನು ಬಿಚ್ಚಿ ಆ ಸಂದಿಗೆ ತುರುಕಿ, ಅದರ ಮೇಲೆ ಮಂಡಿಯೂರಿ ಕುಳಿತು, ಹಾಗೆಯೇ ಹುಟ್ಟು ಹಾಕತೊಡಗಿದನು. ಹುಡುಗರು ಬುತ್ತಿಯ ಡಬ್ಬಿಗಳಿಂದ ನೀರು ಮೊಗೆದು ಚೆಲ್ಲಿದರು. ಅವರಿಗೆ ಅದೊಂದು ಆಟವಾಗಿತ್ತು. ನಾವು ಮಾತ್ರ ಹನ್ನೊಂದು ತಲೆಗಳನ್ನು ಎಣಿಸುತ್ತ, ಎಣಿಕೆ ಮುಗಿಯುತ್ತಲೇ ಮತ್ತೆ ಮೊದಲಿಟ್ಟು ಎಣಿಸುತ್ತ ಕುಳಿತಿದ್ದೆವು. ದಡ ಮುಟ್ಟಿದಾಗ ನೀರು ಹುಡುಗರ ಮೊಣಕಾಲಿನ ಕೆಳಗಿತ್ತು. ಎಲ್ಲರೂ ಇಳಿದು ತೇರಿನ ಕಡೆಗೆ ಓಡಿದರು. ನಮಗೆ ಮಾತು ಹೊರಡಲಿಲ್ಲ. ಅಂಬಿಗನು ರುಮಾಲನ್ನು ಹಿಂಡುತ್ತ ಇಷ್ಟೇ ಹೇಳಿದನು: “ಹೊರಗ ಏನ್ ಬಳದೇವಿ ಅಂತ ಹೊಳಿ ನೋಡೂದಿಲ್ರಿ ಮಾಸ್ತರ. ಒಳಗ ಏನ್ ಬಿಟ್ಟೇವಿ ಅಂತ ನೋಡತೈತಿ.”

ಆ ತಪ್ಪು ಅವನದಾಗಿರಲಿಲ್ಲ, ನಮ್ಮದಾಗಿತ್ತು. ಮುಂದಿನ ವರ್ಷ ಅವನು ಹರಿಗೋಲನ್ನು ಬೋರಲು ಹಾಕಿದಾಗ ನಾವು ರಜೆ ಹಾಕಿ, ಕುರ್ಪಿ ಹಿಡಿದು ಅವನ ಪಕ್ಕದಲ್ಲಿ ಕುಳಿತೆವು. ಕೆಳಗೆ ಹೇಳುವುದೆಲ್ಲ ಆಗ ಅವನಿಂದ ಕಲಿತುದು.

ಮೊದಲನೆಯದು ಕಾಲ. ಶಿವರಾತ್ರಿಯಿಂದ ಯುಗಾದಿಯವರೆಗೆ ಹೊಳೆಯೂ ಇಳಿದಿರುವುದು, ಗಾಳಿಯೂ ಒಣಗಿರುವುದು, ಅದೇ ಪ್ರಶಸ್ತ. ಹರಿಗೋಲನ್ನು ನೆಲಕ್ಕೆ ತಾಗದಂತೆ ಕಲ್ಲುಗಳ ಮೇಲೆ ಬೋರಲು ಹಾಕಬೇಕು; ಕೆಳಗಿನಿಂದ ಗಾಳಿ ಆಡಬೇಕು. ಒಂದು ವಾರವಾದರೂ ಒಣಗಲಿ. ಸುಡುವ ಮಧ್ಯಾಹ್ನದಲ್ಲಿ ನೆರಳು ಮಾಡಬೇಕು. ಇಲ್ಲವಾದರೆ ಬಿದಿರು ಸೀಳುವುದು.

ಎರಡನೆಯದು ಕೆರೆಯುವುದು. ಅದನ್ನು ಮುಂಜಾನೆಯ ತಂಪಿನಲ್ಲಿಯೇ ಮಾಡತಕ್ಕದ್ದು. ತಂಪಿನಲ್ಲಿ ಡಾಂಬರು ಗಡುಸಾಗಿ ಚಕ್ಕೆ ಚಕ್ಕೆಯಾಗಿ ಏಳುವುದು. ಬಿಸಿಲೇರಿದರೆ ಬೆಲ್ಲದ ಪಾಕದಂತೆ ಕುರ್ಪಿಗೆ ಮೆತ್ತಿಕೊಳ್ಳುವುದು. ಹಳೆಯ ಲೇಪದ ಮೇಲೆ ಲೇಪ, ಅದರ ಮೇಲೆ ಮತ್ತೊಂದು ಎಂದು ಹಾಕುತ್ತ ಹೋದರೆ ಹರಿಗೋಲಿನ ಭಾರ ಹೆಚ್ಚುವುದೇ ಹೊರತು ಬಲ ಹೆಚ್ಚುವುದಿಲ್ಲ. ಬಿಟ್ಟ ಭಾಗವನ್ನೆಲ್ಲ ತೆಗೆದು, ಕಚ್ಚಿಕೊಂಡಿರುವುದನ್ನು ಮಾತ್ರ ಉಳಿಸಬೇಕು. ಹೊದಿಕೆಯೇ ಜೀರ್ಣವಾಗಿದ್ದರೆ ಅದನ್ನು ಪೂರ್ತಿಯಾಗಿ ಬಿಚ್ಚಿಬಿಡಬೇಕು.

ಮೂರನೆಯದು ಬಿದಿರಿನ ಪರೀಕ್ಷೆ. ಎಲ್ಲಕ್ಕಿಂತ ಮುಖ್ಯವಾದುದಿದು, ಕಾಗದ ಬರೆದ ಮಹನೀಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಂದೊಂದು ದಬ್ಬೆಯನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಬೇಕು. ಟಣ್ ಎಂದರೆ ಗಟ್ಟಿ, ಡಬ್ ಎಂದರೆ ಕೊಳೆತದ್ದು. ಸಣ್ಣ ತೂತುಗಳಿಂದ ಹಳದಿಯ ಹಿಟ್ಟು ಉದುರಿದರೆ ಒಳಗೆ ಹುಳುವುಂಟೆಂದು ತಿಳಿಯಬೇಕು. ನಡುತಳದಲ್ಲಿಯೂ, ದಬ್ಬೆಗಳು ಬಾಗಿ ಮೇಲೇಳುವ ತಿರುವಿನಲ್ಲಿಯೂ ಕೇಡು ಮೊದಲು ಕಾಣಿಸುವುದು; ಏತಕ್ಕೆಂದರೆ ನಡುವೆ ಚೆಲ್ಲಿದ ನೀರು ನಿಲ್ಲುವುದು, ತಿರುವಿನಲ್ಲಿ ಭಾರ ಬೀಳುವುದು. ಕೆಟ್ಟ ದಬ್ಬೆಯನ್ನು ತೆಗೆದು ಹೊಸದನ್ನು ಹಾಯಿಸಬೇಕು. ಇದು ಮೇದಾರರ ಕೈಯ ಕೆಲಸ; ಮನೆಯವರು ಮಾಡಹೋಗಬಾರದು. ಮಳೆಗಾಲ ಕಳೆದ ಮೇಲೆ ಕಡಿದು, ಕೆಲವು ವಾರ ನೀರಿನಲ್ಲಿ ಮುಳುಗಿಸಿಟ್ಟ ಬಿದಿರಾದರೆ ಉತ್ತಮ. ಹುಳುವಿಗೆ ಆಹಾರವಾದ ಹಿಟ್ಟಿನ ಅಂಶವು ಆ ನೀರಿನಲ್ಲಿ ಬಹುಮಟ್ಟಿಗೆ ಬಿಟ್ಟುಹೋಗುವುದು.

ನಾಲ್ಕನೆಯದು ಹೊದಿಕೆ. ಹೊಲಿಗೆಯ ಸಾಲುಗಳು ಆದಷ್ಟು ಕಡಮೆಯಿರಲಿ. ತಳದ ನಡುವೆ ಹಾಯದಿರಲಿ. ಒಂದರ ಮೇಲೊಂದು ನಾಲ್ಕು ಬೆರಳು ಬರುವಂತೆ ಮಡಿಸಿ, ದಬ್ಬಣದಿಂದ ಎರಡು ಸಾಲು ಹೊಲಿಯಬೇಕು. ದಬ್ಬಣ ಹಾಯ್ದ ಒಂದೊಂದು ತೂತೂ ನೀರಿಗೊಂದು ಬಾಗಿಲೆಂಬುದು ನೆನಪಿರಲಿ.

ಐದನೆಯದು ಲೇಪ. ಡಾಂಬರನ್ನು ಮನೆಯಿಂದ ದೂರ, ಬಯಲಿನಲ್ಲಿ, ಸಣ್ಣ ಉರಿಯ ಮೇಲೆ ಕರಗಿಸಬೇಕು. ಹೊಗೆಯೇಳುವಷ್ಟು ಕಾಯಿಸಿದರೆ ಪ್ಲಾಸ್ಟಿಕ್ ಹೊದಿಕೆಯು ಮುದುಡಿ ಸುಟ್ಟುಹೋಗುವುದು, ತಣಿದರೆ ಹರಡದು. ಕಾದ ಡಾಂಬರಿಗೆ ಒಂದು ಹನಿ ನೀರು ಬಿದ್ದರೂ ಅದು ನೊರೆಯೆದ್ದು ಸಿಡಿಯುವುದು. ಬೆಂಕಿ ಹೊತ್ತಿಕೊಂಡರೆ ಮುಚ್ಚಳ ಮುಚ್ಚಬೇಕು, ಮರಳು ಸುರಿಯಬೇಕು. ನೀರನ್ನು ಸರ್ವಥಾ ಹಾಕಕೂಡದು. ಕೈಗೆ ಬಿದ್ದರೆ ಅದನ್ನು ಕೀಳಬಾರದು. ಇಪ್ಪತ್ತು ನಿಮಿಷ ತಣ್ಣೀರಿನಲ್ಲಿ ಹಿಡಿದು, ಅಂಟಿದ್ದನ್ನು ಹಾಗೆಯೇ ಬಿಟ್ಟು ವೈದ್ಯರಲ್ಲಿಗೆ ಹೋಗತಕ್ಕದ್ದು. ಮಕ್ಕಳನ್ನು ಹತ್ತಿರಕ್ಕೆ ಬಿಡಬಾರದು. ತೆಳ್ಳಗೆ ಒಂದು ಸಲ ಬಳಿದು, ಅದು ಪೂರ್ತಿಯಾಗಿ ತಣಿದ ಮೇಲೆ ಇನ್ನೊಂದು ಸಲ ಬಳಿಯಬೇಕು. ದಪ್ಪಗೆ ಒಂದೇ ಸಲ ಬಳಿದದ್ದು ಬಿರಿಯುವುದು. ಬಳಿಯುವ ಮೈ ಎಲುಬಿನಂತೆ ಒಣಗಿರಬೇಕು. ಒಳಗೆ ತೇವವಿದ್ದರೆ ಡಾಂಬರು ಕಚ್ಚುವುದಿಲ್ಲ; ಬಿಸಿಲಿಗೆ ಆ ತೇವವು ಆವಿಯಾಗಿ ಲೇಪವನ್ನು ಒಳಗಿನಿಂದಲೇ ಎತ್ತುವುದು. ಆ ದಿನ ಹೊಳೆಯ ನಡುವೆ ನಮ್ಮ ಕಾಲಡಿಯಲ್ಲಿ ನಡೆದುದು ಇದೇ.

ಕಡೆಯದು ಪರೀಕ್ಷೆ. ಕತ್ತಲಾದ ಮೇಲೆ ಹರಿಗೋಲನ್ನು ಬೋರಲು ಹಾಕಿ ಒಳಗೆ ಬ್ಯಾಟರಿಯ ದೀಪವಿಟ್ಟರೆ, ಉಳಿದ ತೂತುಗಳೆಲ್ಲ ನಕ್ಷತ್ರಗಳಂತೆ ಕಾಣುವವು. ಅನಂತರ ಮೊಣಕಾಲುದ್ದ ನೀರಿನಲ್ಲಿ ಒಂದು ರಾತ್ರಿ ಕಟ್ಟಿಟ್ಟು, ಬೆಳಗ್ಗೆ ಒಳಗೆ ಒದ್ದೆಯಾದ ತಾಣಗಳನ್ನು ಗುರುತಿಸಬೇಕು. ನಾವು ನಮ್ಮ ಸೀಮೆಸುಣ್ಣದಿಂದ ಅವಕ್ಕೆ ವೃತ್ತ ಎಳೆದುದನ್ನು ಕಂಡು ಅಂಬಿಗನು, “ಮಾಸ್ತರು ತೆಪ್ಪಕ್ಕೂ ತಪ್ಪು ತೆಗೀತಾರ” ಎಂದು ನಕ್ಕನು. ನಮಗೆ ಅವನು ಕೊಟ್ಟ ಕ್ಷಮೆ ಅದೇ ಎಂದು ತಿಳಿದೆವು.

ಈ ಧರ್ಮವು ಹರಿಗೋಲಿಗೆ ಮಾತ್ರ ಸಂಬಂಧಪಟ್ಟುದಲ್ಲ. ಕೊಪ್ಪಳಕ್ಕೆ ಸಮೀಪದ ಕಿನ್ನಾಳದ ಚಿತ್ರಗಾರರನ್ನು ನೋಡಿರಿ. ಅವರ ಬೊಂಬೆಗಳ ಬಣ್ಣವನ್ನು ಜಗತ್ತು ಹೊಗಳುವುದು. ಆದರೆ ಬಣ್ಣ ಹಚ್ಚುವುದಕ್ಕೆ ಮೊದಲು ಅವರು ಹುಣಿಸೆ ಬೀಜದ ಅಂಟು, ಮರದ ಹೊಟ್ಟು ಮುಂತಾದವುಗಳಿಂದ ಸಿದ್ಧಪಡಿಸಿದ ಕಿಟ್ಟವನ್ನು ಮೆತ್ತಿ, ಸಂದುಗಳನ್ನೆಲ್ಲ ತುಂಬಿ, ಒಣಗಿಸಿ, ಮೈಯನ್ನು ಸಮ ಮಾಡುವರು. ಕಣ್ಣಿಗೆ ಕಾಣದ ಆ ಕೆಲಸದ ಮೇಲೆಯೇ ಕಾಣುವ ಬಣ್ಣವು ನಿಂತಿರುವುದು.

ಈಗ ಫೈಬರಿನ ಹರಿಗೋಲುಗಳೂ ಬಂದಿವೆ. ಹಳೆಯದನ್ನು ಬಿಸಾಡಿ ಅದನ್ನೇ ಕೊಂಡರಾಗದೇ ಎಂದು ಕೆಲವರು ಕೇಳುವರು. ಶಕ್ತಿಯಿದ್ದವರು ಕೊಳ್ಳಬಹುದು, ಅದಕ್ಕೆ ಹುಳು ಹತ್ತದು, ವರ್ಷವರ್ಷ ಡಾಂಬರೂ ಬೇಡ. ಆದರೆ ಕಲ್ಲಿಗೆ ತಾಗಿದರೆ ಬಿದಿರು ಬಾಗುವುದು, ಫೈಬರು ಬಿರಿಯುವುದು. ಬಿರುಕಿನಿಂದ ನೀರು ಒಳಪದರಗಳಿಗೆ ಇಳಿಯುವುದು. ಅದನ್ನು ದುರಸ್ತು ಮಾಡುವಾಗಲೂ ಕ್ರಮ ಬೇರೆಯಲ್ಲ: ಕೆಟ್ಟುದನ್ನು ಉಜ್ಜಿ ತೆಗೆಯಬೇಕು, ಪೂರ್ತಿ ಒಣಗಿಸಬೇಕು, ತುಂಬಬೇಕು, ಆಮೇಲೆ ಬಳಿಯಬೇಕು. ಉಜ್ಜುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಡುಕಾದುದರಿಂದ ಮೂಗುಬಾಯಿಗಳಿಗೆ ಮುಸುಕು ಅವಶ್ಯ.

ಸೇತುವೆಗಳಾದ ಮೇಲೆ ಹರಿಗೋಲಿನ ಚಿಂತೆ ಏತಕ್ಕೆಂದು ಕೇಳುವವರೂ ಇರಬಹುದು. 2009ರ ಜನವರಿಯಲ್ಲಿ ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆಯು ಕುಸಿದು, ದುಡಿಯುತ್ತಿದ್ದವರು ಪ್ರಾಣ ಕಳೆದುಕೊಂಡ ಕಥೆ ನಮ್ಮ ಸೀಮೆಯವರಿಗೆ ಮರೆತಿಲ್ಲ. ಈಗ ಕಡೆಬಾಗಿಲು ಮತ್ತು ಬುಕ್ಕಸಾಗರಗಳ ನಡುವೆ ಸೇತುವೆಯಿದೆ, ಜನರೂ ಬಂಡಿಗಳೂ ಅದರ ಮೇಲೆ ಹೋಗುವರು, ಅದು ಒಳ್ಳೆಯದೇ. ಆದರೆ ನಡುಗಡ್ಡೆಯ ತೋಟಕ್ಕೆ, ಮೀನಿನ ಬಲೆಗೆ, ಯಾತ್ರಿಕರ ವಿಹಾರಕ್ಕೆ ಇಂದಿಗೂ ಹರಿಗೋಲೇ ಗತಿ. ಇದರಲ್ಲಿ ಪ್ರಾಣದ ಮಾತೊಂದುಂಟು. ಮೇಲೆ ಜಲಾಶಯದ ಬಾಗಿಲು ತೆರೆದರೆ ಶಾಂತವಾಗಿದ್ದ ಹೊಳೆಯು ಬೇಗನೆ ಏರುವುದು. 2019ರ ಆಗಸ್ಟಿನ ಮಹಾಪೂರದಲ್ಲಿ ವಿರೂಪಾಪುರ ಗಡ್ಡೆಯಲ್ಲಿ ಸಿಲುಕಿದವರನ್ನು ಹೆಲಿಕಾಪ್ಟರಿನಿಂದ ಎತ್ತಬೇಕಾಯಿತು. ಪ್ರವಾಹದ ಸೂಚನೆಯಿದ್ದಾಗ ಎಷ್ಟೇ ಗಟ್ಟಿಯಾದ ಹರಿಗೋಲನ್ನೂ ನೀರಿಗಿಳಿಸಬಾರದು. ಬೇರೆ ದಿನಗಳಲ್ಲಿಯೂ ಕೂಡುವವರೆಲ್ಲರಿಗೆ, ವಿಶೇಷವಾಗಿ ಮಕ್ಕಳಿಗೆ, ತೇಲುವ ಜಾಕೀಟು ತೊಡಿಸದೆ ಹುಟ್ಟು ಹಾಕಬಾರದು.

ಕುಷ್ಟಗಿಯ ಮಹನೀಯರಿಗೆ ಇನ್ನು ನೇರವಾಗಿ ಹೇಳುವೆವು. ಅಳಿಯಂದಿರ ಮೇಲೆ ಕೋಪ ಬೇಡ. ಅವರು ಹೇಳಿದುದನ್ನೇ ನಾವೂ ಒಂದು ಕಾಲಕ್ಕೆ ಹೇಳಿದ್ದೆವು. ಶಿವರಾತ್ರಿಯ ನಂತರ ತಾವೇ ಒಮ್ಮೆ ಮಗಳ ಊರಿಗೆ ಹೋಗಿರಿ. ಡಾಂಬರಿನ ಡಬ್ಬಿಯನ್ನು ಒಯ್ಯಬೇಡಿರಿ; ಒಂದು ಕುರ್ಪಿಯನ್ನು ಒಯ್ಯಿರಿ. ಮಾವ ಅಳಿಯ ಇಬ್ಬರೂ ಮುಂಜಾನೆಯ ತಂಪಿನಲ್ಲಿ ಕುಳಿತು ಕೆರೆಯಿರಿ. ಮೇದಾರರನ್ನೂ ಹಿರಿಯ ಅಂಬಿಗರೊಬ್ಬರನ್ನೂ ಕರೆಯಿಸಿ ಬಿದಿರನ್ನು ತೋರಿಸಿರಿ. ತಳದ ದಬ್ಬೆಗಳಲ್ಲಿ ಕಾಲು ಪಾಲಿಗಿಂತ ಹೆಚ್ಚು ಕೆಟ್ಟಿದ್ದರೆ ಆ ಹರಿಗೋಲಿನ ಆಸೆ ಬಿಟ್ಟು ಹೊಸ ಬುಟ್ಟಿ ಹೆಣೆಸುವುದು ಲೇಸು. ಕೊಟ್ಟ ಹಣ ಹೋಯಿತೆಂದು ಕೊರಗಬೇಡಿರಿ. ಗಟ್ಟಿಯಿದ್ದರೆ ಮೇಲೆ ಹೇಳಿದಂತೆ ನಡೆಯಿಸಿರಿ. “ಇನ್ನೂ ಹಸಿ ಐತ್ರಿ” ಎಂದು ಅಂಬಿಗರು ಹೇಳಿದರೆ, ದಯವಿಟ್ಟು ಆ ದಿನ ಬಳಿಯಬೇಡಿರಿ.

ನಮ್ಮ ಆ ವೃದ್ಧ ಅಂಬಿಗನು ಈಗಿಲ್ಲ. ಆ ಹನ್ನೊಂದು ಮಂದಿ ಹುಡುಗರು ಇಂದು ಮಕ್ಕಳೊಂದಿಗರು. ಅವರಲ್ಲಿ ಯಾರಾದರೂ ಸಂತೆಯಲ್ಲಿ ಎದುರಾಗಿ ನಮಸ್ಕರಿಸಿದರೆ, ನಮ್ಮ ಮನಸ್ಸು ಇಂದಿಗೂ ಒಂದು, ಎರಡು, ಮೂರು ಎಂದು ಎಣಿಸತೊಡಗುವುದು.

ಮುಂದಿನ ಸಂಚಿಕೆಯಲ್ಲಿ, ಯಲಬುರ್ಗಾದ ಸೋದರಿಯೊಬ್ಬರು ಕೇಳಿರುವಂತೆ, ಹಗೇವಿನ ಜೋಳಕ್ಕೆ ತೇವ ಹತ್ತದಂತೆ ಕಾಯುವ ಬಗೆಯನ್ನು ವಿಚಾರಿಸೋಣ.